ಸೈನ್ಯ ಹೊರಗೆ ಹೋದರೆ ಸಂಸತ್ತಿಗೆ ಲೆಕ್ಕ ಕೊಡಿ

ಮಾನ್ಯ ಸಂಪಾದಕರೇ,

ಎಲ್ಲಾದರೂ ಯುದ್ಧದ ಸುದ್ದಿ ಬಂದರೆ ಸಾಕು, ನಮ್ಮ ಸಕಲೇಶಪುರದ ಹೋಟೆಲುಗಳಲ್ಲಿ ಕಾಫಿ ಜೊತೆ ಒಂದೇ ಮಾತು. ‘ನಮ್ಮವರೂ ನುಗ್ಗಿ ಹೊಡೀಬೇಕು ಸಾರ್, ಸುಮ್ನೆ ನೋಡ್ತಾ ಕೂರೋದಲ್ಲ.’ ನಾನು ಸೈನ್ಯದ ಇಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದವನು ಅಂತ ಗೊತ್ತಿರುವವರು ನನ್ನ ಮುಖ ನೋಡುತ್ತಾರೆ. ಹೌದು ಅನ್ನಲಿ ಅಂತ. ನುಗ್ಗುವುದಕ್ಕೆ ಸೈನ್ಯ ಯಾವತ್ತೂ ತಯಾರು. ಆದರೆ ಅಲ್ಲಿ ಹೋಗಿ ಏನು ಮಾಡಬೇಕು, ಏನಾದರೆ ಕೆಲಸ ಮುಗೀತು ಅಂತ ಲೆಕ್ಕ? ಇದನ್ನು ದೆಹಲಿಯಲ್ಲಿ ಕೂತವರು ಮೊದಲೇ ತೀರ್ಮಾನಿಸಿರಬೇಕು. ತೀರ್ಮಾನಿಸದೆ ಕಳಿಸಿದರೆ ಏನಾಗುತ್ತದೆ ಅನ್ನುವುದನ್ನು ಶ್ರೀಲಂಕಾದ ಜಾಫ್ನಾದಲ್ಲಿ ನೋಡಿ ಬಂದವನು ನಾನು.

1987ರ ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ ಕೊಲಂಬೊದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಮರುದಿನವೇ ನಮ್ಮ ಪಡೆ ಅಲ್ಲಿ ಇಳಿಯತೊಡಗಿತು. ಹೆಸರು ಶಾಂತಿಪಾಲನಾ ಪಡೆ. ಎಲ್‌ಟಿಟಿಇ, ಅಂದರೆ ಅಲ್ಲಿನ ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ತಮಿಳು ಬಂಡುಕೋರರು, ಆಯುಧ ಒಪ್ಪಿಸುತ್ತಾರೆ, ನಾವು ಕಾವಲು ನಿಲ್ಲಬೇಕು, ಅಷ್ಟೇ ಅಂದುಕೊಂಡಿದ್ದೆವು. ಜಾಫ್ನಾದ ಜನ ಹಾರ ಹಾಕಿ ಬರಮಾಡಿಕೊಂಡರು. ಅಕ್ಟೋಬರ್‌ನಲ್ಲಿ ಅದೇ ಊರಿನ ಮೇಲೆ ದಾಳಿ ಮಾಡಲು ಆದೇಶ ಬಂತು. ವಿಶ್ವವಿದ್ಯಾಲಯದ ಮೈದಾನದಲ್ಲಿ ಹೆಲಿಕಾಪ್ಟರಿನಿಂದ ಇಳಿದ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಜನರಲ್ಲಿ ಜೀವಂತ ಉಳಿದದ್ದು ಒಬ್ಬ. ನಮ್ಮ ಸ್ಯಾಪರ್‌ಗಳ ಪಾಲಿಗೆ ಬಂದದ್ದು ರಸ್ತೆ. ಮೋರಿಯೊಳಗೆ, ಟಾರಿನ ಕೆಳಗೆ ಹೂತಿಟ್ಟ ಸಿಡಿಮದ್ದು ಹುಡುಕುತ್ತಾ ನಾವು ಮುಂದೆ, ಲಾರಿಗಳು ಹಿಂದೆ. ಪ್ಲಾಸ್ಟಿಕ್ ಡಬ್ಬಿಯಲ್ಲೋ ಮರದ ಪೆಟ್ಟಿಗೆಯಲ್ಲೋ ತುಂಬಿಟ್ಟಿದ್ದರೆ ಡಿಟೆಕ್ಟರ್ ಕೂಗುವುದಿಲ್ಲ. ಮಂಡಿಯೂರಿ ಸರಳಿನಿಂದ ನೆಲ ಚುಚ್ಚಿ ಚುಚ್ಚಿ ನೋಡಬೇಕು. ಯಾರ ಪರವಾಗಿ ಚುಚ್ಚುತ್ತಿದ್ದೇವೆ ಅಂತ ಕೇಳಿದರೆ ನಮ್ಮ ಸುಬೇದಾರ್ ಸಾಹೇಬರ ಹತ್ತಿರವೂ ಉತ್ತರ ಇರಲಿಲ್ಲ. ಪಾಪ, ಅವರಿಗೆ ಹೇಳಿದವರು ಯಾರು?

1989ರಲ್ಲಿ ಅಲ್ಲಿನ ಹೊಸ ಅಧ್ಯಕ್ಷ ಪ್ರೇಮದಾಸ ‘ನೀವು ಹೊರಡಿ’ ಅಂದರು. ನಮ್ಮನ್ನು ಕರೆದದ್ದೂ ಅದೇ ದೇಶದ ಸರ್ಕಾರ, ಅಲ್ವಾ? ಕೊನೆಯ ತುಕಡಿ ಹಡಗು ಹತ್ತಿದ್ದು 1990ರ ಮಾರ್ಚ್‌ನಲ್ಲಿ, ವಿ.ಪಿ. ಸಿಂಗ್ ಸರ್ಕಾರ ಬಂದ ಮೇಲೆ. ಅಷ್ಟರಲ್ಲಿ ನಮ್ಮವರು 1,100ಕ್ಕೂ ಜಾಸ್ತಿ ಜನ ಸತ್ತಿದ್ದರು.

1971ರ ಬಾಂಗ್ಲಾ ಯುದ್ಧ ಬೇರೆ ಥರ ನಡೆಯಿತು. ಏಪ್ರಿಲ್‌ನಲ್ಲೇ ನುಗ್ಗಿ ಅಂತ ಒತ್ತಡ ಇದ್ದಾಗ, ಸೈನ್ಯ ಇನ್ನೂ ತಯಾರಿಲ್ಲ, ಮಳೆ ಶುರುವಾದರೆ ಪೂರ್ವ ಬಂಗಾಳದ ನದಿಗಳು ಸಮುದ್ರವಾಗುತ್ತವೆ ಅಂತ ತಾವು ಇಂದಿರಾ ಗಾಂಧಿಯವರಿಗೆ ನೇರವಾಗಿ ಹೇಳಿದ್ದಾಗಿ ಆಗಿನ ಸೇನಾ ಮುಖ್ಯಸ್ಥ ಮಾಣಿಕ್‌ ಷಾ ಆಮೇಲೆ ಎಷ್ಟೋ ಸಲ ಹೇಳಿಕೊಂಡರು. ಆ ಕಥೆಗೆ ಸ್ವಲ್ಪ ಬಣ್ಣ ಸೇರಿದೆ ಅನ್ನುವ ಇತಿಹಾಸಕಾರರೂ ಇದ್ದಾರೆ. ಇರಲಿ. ಡಿಸೆಂಬರ್‌ವರೆಗೆ ಕಾದದ್ದಂತೂ ನಿಜ. ಚಳಿಗಾಲದ ಹಿಮಕ್ಕೆ ಚೀನಾ ಕಡೆಯ ಕಣಿವೆಗಳು ಮುಚ್ಚಿಕೊಳ್ಳುತ್ತವೆ ಅನ್ನುವ ಲೆಕ್ಕವೂ ಅದರಲ್ಲಿತ್ತು. ಆ ತಿಂಗಳುಗಳಲ್ಲಿ ಸರ್ಕಾರ ಸುಮ್ಮನೆ ಕೂರಲಿಲ್ಲ. ಆಗಸ್ಟ್‌ನಲ್ಲಿ ಸೋವಿಯತ್ ಒಕ್ಕೂಟದ ಜೊತೆ ಒಪ್ಪಂದ ಆಯಿತು. ಡಿಸೆಂಬರ್ 16ಕ್ಕೆ ಢಾಕಾ ಶರಣಾಯಿತು, ಮುಂದಿನ ಮಾರ್ಚ್‌ನಲ್ಲಿ ನಮ್ಮ ಸೈನ್ಯ ಬೀಳ್ಕೊಡುಗೆಯ ಪರೇಡ್ ಮುಗಿಸಿ ಹೊರಟಿತು. ಜನ ಢಾಕಾ ಶರಣಾಗತಿಯ ಫೋಟೊ ನೆನಪಿಟ್ಟುಕೊಂಡಿದ್ದಾರೆ. ನನಗೆ ದೊಡ್ಡದಾಗಿ ಕಾಣುವುದು ಆ ವಾಪಸಾತಿ.

ಬೇಡ ಅನ್ನುವುದಕ್ಕೂ ಧೈರ್ಯ ಬೇಕು. 2003ರಲ್ಲಿ ಇರಾಕ್‌ಗೆ ಸೈನ್ಯ ಕಳಿಸಿ ಅಂತ ಅಮೆರಿಕ ಕೇಳಿತ್ತು. ವಿಶ್ವಸಂಸ್ಥೆಯ ಸ್ಪಷ್ಟ ಆದೇಶ ಇಲ್ಲದೆ ಆಗುವುದಿಲ್ಲ ಅಂತ ವಾಜಪೇಯಿ ಸರ್ಕಾರ ಜುಲೈನಲ್ಲಿ ಹೇಳಿತು. ಅದಕ್ಕೆ ಮುಂಚೆ ಏಪ್ರಿಲ್‌ನಲ್ಲಿ ಸಂಸತ್ತು ಆ ಯುದ್ಧದ ವಿರುದ್ಧ ನಿರ್ಣಯ ಮಾಡಿತ್ತು. ಆ ನಿರ್ಣಯ ಬೆನ್ನಿಗಿದ್ದಾಗ ಯಾವ ಪ್ರಧಾನಿಗಾದರೂ ಬೇಡ ಅನ್ನುವುದು ಸ್ವಲ್ಪ ಸುಲಭ ಅಂತ ನನ್ನ ಎಣಿಕೆ.

ಆದರೆ ಸಂಸತ್ತನ್ನು ಕೇಳಲೇಬೇಕು ಅನ್ನುವ ಕಟ್ಟುಪಾಡು ನಮ್ಮಲ್ಲಿಲ್ಲ. ಸಂವಿಧಾನದ 53ನೇ ವಿಧಿ ಸೇನೆಯ ಪರಮಾಧಿಕಾರವನ್ನು ರಾಷ್ಟ್ರಪತಿಗೆ ಕೊಟ್ಟಿದೆ, ತೀರ್ಮಾನ ಮಾತ್ರ ಸಂಪುಟದ್ದು. ಅಮೆರಿಕದಲ್ಲಿ ವಿಯೆಟ್ನಾಂ ಏಟಿನ ಮೇಲೆ 1973ರಲ್ಲಿ ಕಾನೂನು ಮಾಡಿದರು: ಸೈನ್ಯ ಇಳಿಸಿದ 48 ಗಂಟೆಯೊಳಗೆ ಅಲ್ಲಿನ ಸಂಸತ್ತಾದ ಕಾಂಗ್ರೆಸ್‌ಗೆ ತಿಳಿಸಬೇಕು, ಅದು ಒಪ್ಪದಿದ್ದರೆ 60 ದಿನಕ್ಕೆ ಹೋರಾಟ ನಿಲ್ಲಿಸಬೇಕು. ಅಲ್ಲಿನ ಅಧ್ಯಕ್ಷರು ಅದರಿಂದ ನುಣುಚಿಕೊಂಡದ್ದೂ ಉಂಟು. ಬ್ರಿಟನ್ನಿನಲ್ಲಿ ಅಂಥ ಕಾನೂನೇ ಇಲ್ಲ. ಆದರೂ 2013ರಲ್ಲಿ ಸಿರಿಯಾ ಮೇಲೆ ದಾಳಿಯ ಪ್ರಶ್ನೆ ಬಂದಾಗ ಪ್ರಧಾನಿ ಕ್ಯಾಮರಾನ್ ಸರ್ಕಾರ ಸಂಸತ್ತಿನಲ್ಲಿ 272–285ರಲ್ಲಿ ಮತ ಸೋತು ಸುಮ್ಮನಾಯಿತು.

ಮೊದಲೇ ಮತ ಹಾಕಿಸಿ ಅಂತ ನಾನು ಕೇಳುತ್ತಿಲ್ಲ. 1988ರ ನವೆಂಬರ್ 3ರಂದು ಮಾಲ್ಡೀವ್ಸ್‌ನ ಅಧ್ಯಕ್ಷ ಗಯೂಮ್ ತಮ್ಮ ವಿರುದ್ಧ ದಂಗೆ ಎದ್ದಾಗ ಸಹಾಯ ಕೇಳಿದರು, ಅದೇ ರಾತ್ರಿ ಆಗ್ರಾದಿಂದ ಹೊರಟ ಪ್ಯಾರಾ ಪಡೆ ಅಲ್ಲಿ ಇಳಿದಿತ್ತು. ಅಧಿವೇಶನಕ್ಕೆ ಕಾದಿದ್ದರೆ ಅವರ ಕಥೆ ಮುಗಿಯುತ್ತಿತ್ತು. ಆದರೆ ಸೈನ್ಯ ಹೊರಟ ಒಂದು ತಿಂಗಳೊಳಗೆ ಉದ್ದೇಶ ಏನು, ವಾಪಸ್ ಯಾವಾಗ ಅನ್ನುವುದನ್ನು ಸರ್ಕಾರ ಬರೆದು ಸದನದ ಮುಂದೆ ಇಡಬಹುದಲ್ಲ? ಗುಟ್ಟಿನ ವಿಷಯ ಬಿಟ್ಟು ಉಳಿದದ್ದು ಸಾಕು. ಉದ್ದೇಶ ಬದಲಾದರೆ ಮತ್ತೆ ಬಂದು ಹೇಳಲಿ.

ಪ್ರಧಾನಿ ಕುರ್ಚಿಗೆ ನಮ್ಮ ಜಿಲ್ಲೆಯವರೇ ಒಬ್ಬರನ್ನು ಕಳಿಸಿದ ಊರು ಇದು. ಇದಕ್ಕಾಗಿ ಒಂದು ಖಾಸಗಿ ಮಸೂದೆಯನ್ನು, ಅಂದರೆ ಮಂತ್ರಿಯಲ್ಲದ ಸಂಸದರು ತಾವೇ ತರುವ ಮಸೂದೆಯನ್ನು, ಹಾಸನದ ಸಂಸದರು, ಯಾವ ಪಕ್ಷದವರಾದರೂ ಸರಿ, ಯಾಕೆ ಮಂಡಿಸಬಾರದು? ಲೋಕಸಭೆಯಲ್ಲಿ ಶುಕ್ರವಾರ ಮಧ್ಯಾಹ್ನ ಅದಕ್ಕೆಂದೇ ಸಮಯ ಇಟ್ಟಿರುತ್ತಾರೆ.

– ಒಬ್ಬ ನಿವೃತ್ತ ಹವಾಲ್ದಾರ್, ಹೆತ್ತೂರು, ಸಕಲೇಶಪುರ ತಾಲ್ಲೂಕು