ಶನಿವಾರದ ಗ್ರಾಫ್ ತರಗತಿ: ಎಲ್ಲರೂ ಓದಿ

ಪ್ರಥಮ ಪಿಯುಸಿ ವಿಜ್ಞಾನದ ಮಕ್ಕಳೇ, ನಮಸ್ಕಾರ.

ಈ ಶನಿವಾರ ಬೆಳಿಗ್ಗೆ 9.30ಕ್ಕೆ ಭೌತಶಾಸ್ತ್ರದ ತರಗತಿ ಕೊಠಡಿಯಲ್ಲಿ ಅಲ್ಲ, ನೆಲಮಹಡಿಯ ಉದ್ದ ವರಾಂಡದಲ್ಲಿ. ಅಲ್ಲಿ 20 ಮೀಟರ್ ಉದ್ದಕ್ಕೆ, ಪ್ರತಿ 2 ಮೀಟರ್‌ಗೊಂದು ಸೀಮೆಸುಣ್ಣದ ಗುರುತು ಹಾಕಿರುತ್ತೇನೆ. ಮೂವರ ತಂಡ: ಒಬ್ಬರು ನಡೆಯಬೇಕು, ಒಬ್ಬರು ಪ್ರತಿ ಗುರುತಿಗೂ ಸಮಯ ಕೂಗಬೇಕು, ಇನ್ನೊಬ್ಬರು ಬರೆದುಕೊಳ್ಳಬೇಕು. ಗ್ರಾಫ್ ಹಾಳೆ ಎರಡು, ಸ್ಕೇಲು, ಪೆನ್ಸಿಲ್ ತನ್ನಿ. ಸ್ಟಾಪ್‌ವಾಚ್ ಲ್ಯಾಬಿನಿಂದ ಕೊಡುತ್ತೇನೆ.

ಕಿರುಪರೀಕ್ಷೆಯಲ್ಲಿ ಬಹಳ ಜನ ಒಂದೇ ಕಡೆ ಎಡವಿದ್ದೀರಿ, ಅದಕ್ಕೇ ಈ ತರಗತಿ. ಅಡ್ಡಗೆರೆ ಕಂಡ ಕೂಡಲೇ 'ವಸ್ತು ನಿಂತಿದೆ' ಎಂದು ಬರೆಯಬೇಡಿ. ಮೊದಲು ಲಂಬ ಅಕ್ಷದಲ್ಲಿ ಏನಿದೆ ನೋಡಿ. ಸ್ಥಾನ-ಕಾಲ ಗ್ರಾಫಿನಲ್ಲಿ ಅಡ್ಡಗೆರೆ ಎಂದರೆ ನಿಂತಿದೆ. ವೇಗ-ಕಾಲ ಗ್ರಾಫಿನಲ್ಲಿ ಅದೇ ಗೆರೆ ಸೊನ್ನೆಗಿಂತ ಮೇಲಿದ್ದರೆ ಒಂದೇ ವೇಗದಲ್ಲಿ ಓಡುತ್ತಿದೆ. ಮೊದಲನೆಯದರ ಇಳಿಜಾರು ವೇಗ ಕೊಡುತ್ತದೆ, ಎರಡನೆಯದರ ಇಳಿಜಾರು ವೇಗೋತ್ಕರ್ಷ (ವೇಗ ಬದಲಾಗುವ ದರ), ಅದರ ಗೆರೆಯ ಕೆಳಗಿನ ವಿಸ್ತೀರ್ಣ ಸ್ಥಾನಪಲ್ಲಟ (ಸ್ಥಾನ ಎಷ್ಟು ಬದಲಾಯಿತು ಎಂಬುದು). ನನಗೆ ಈ ವಿಸ್ತೀರ್ಣದ ವಿಚಾರವೇ ಅತಿ ಇಷ್ಟ: ಸೂತ್ರ ಮರೆತರೂ ಚಿತ್ರ ಕೈಬಿಡುವುದಿಲ್ಲ.

ಬರುವ ಮುಂಚೆ ಇದೊಂದು ಮಾಡಿ. ನಿಂತ ಬಸ್ಸು ಹೊರಟು 10 ಸೆಕೆಂಡಿನಲ್ಲಿ ಗಂಟೆಗೆ 36 ಕಿ.ಮೀ. (ಸೆಕೆಂಡಿಗೆ 10 ಮೀಟರ್) ಮುಟ್ಟಿತು, 20 ಸೆಕೆಂಡು ಹಾಗೇ ಓಡಿತು, ಬ್ರೇಕ್ ಹಾಕಿ 5 ಸೆಕೆಂಡಿನಲ್ಲಿ ನಿಂತಿತು. ವೇಗ ಏರಿದ್ದೂ ಇಳಿದದ್ದೂ ಒಂದೇ ಸಮನೆ. ವೇಗ-ಕಾಲ ಗ್ರಾಫ್ ಬರೆದು ವಿಸ್ತೀರ್ಣ ಲೆಕ್ಕ ಹಾಕಿದರೆ 275 ಮೀಟರ್ ಬರಬೇಕು. ಬಾರದಿದ್ದರೆ ಹಾಳೆಯ ಫೋಟೋ ನನಗೆ ಕಳಿಸಿ, ಎಲ್ಲಿ ತಪ್ಪಿದೆ ನೋಡೋಣ.

ಬರುವವರು ಗುರುವಾರ ರಾತ್ರಿಯೊಳಗೆ ಇಲ್ಲಿ ಹೆಸರು, ಸೆಕ್ಷನ್ ಹಾಕಿ. ಹಳ್ಳಿ ಬಸ್ಸಿನಲ್ಲಿ ಬರುವವರು ತಡವಾಗುವುದಿದ್ದರೆ ಈಗಲೇ ಹೇಳಿ, ನಿಮ್ಮ ತಂಡವನ್ನು ಕೊನೆಗೆ ಇಡುತ್ತೇನೆ.