ವಾರದ ಹವಾಮಾನ ಚೀಟಿ ಸೋಮವಾರದಿಂದ ಬದಲಾಗುತ್ತಿದೆ

ಪ್ರಿಯ ಗ್ರಾಹಕರೇ,

ಪ್ರತಿ ಸೋಮವಾರ ಬೆಳಿಗ್ಗೆ ನಿಮ್ಮ ಮೊಬೈಲಿಗೆ ಬರುವ ಕರಾವಳಿಯ ಹವಾಮಾನ ಚೀಟಿ ಮುಂದಿನ ವಾರದಿಂದ ಬೇರೆ ಥರ ಇರುತ್ತದೆ. ಇಷ್ಟು ದಿನ ಏಳು ದಿನಕ್ಕೆ ಏಳು ಸಾಲು, ಸಾಲಿಗೊಂದು ಮಳೆಯ ಅಂಕಿ, ಒಂದು ಗಾಳಿಯ ಅಂಕಿ ಕೊಡುತ್ತಿದ್ದೆವು. ಇನ್ನು ಖಚಿತ ಅಂಕಿ ಮೊದಲ ಮೂರು ದಿನಕ್ಕೆ ಮಾತ್ರ. ನಾಲ್ಕನೇ ದಿನದಿಂದ 'ಇಷ್ಟರಿಂದ ಇಷ್ಟು' ಎಂದು ಬರೆಯುತ್ತೇವೆ. ಮಳೆ ಬರುವ ಸಾಧ್ಯತೆ ನೂರಕ್ಕೆ ಎಷ್ಟು ಎಂಬುದೂ ಪಕ್ಕದಲ್ಲಿರುತ್ತದೆ.

ಕಾರಣ ಮುಚ್ಚಿಡುವುದಿಲ್ಲ. ಈಚೆಗೆ ಒಂದು ಚೀಟಿಯಲ್ಲಿ ಶನಿವಾರಕ್ಕೆ 'ಒಣ ಹವೆ, ಮಳೆ 0 ಮಿ.ಮೀ.' ಎಂದು ಬರೆದಿದ್ದೆವು. ಅದನ್ನು ನಂಬಿ ಗ್ರಾಹಕರೊಬ್ಬರು ಮನೆಯ ಹೊರಗೋಡೆಗೆ ಬಣ್ಣ ಹೊಡೆಸಿದರು. ಮಧ್ಯಾಹ್ನ ಸುರಿದ ಮಳೆಗೆ ಬಣ್ಣವೆಲ್ಲ ಅಂಗಳಕ್ಕೆ ಇಳಿಯಿತು. ಅವರು ಫೋನ್ ಮಾಡಿ ಬೈಯಲಿಲ್ಲ. "ನಿಮಗೇ ಗ್ಯಾರಂಟಿ ಇರಲಿಲ್ಲ ಅಂದ್ರೆ ಸೊನ್ನೆ ಅಂತ ಯಾಕೆ ಬರೆದ್ರಿ?" ಎಂದು ಕೇಳಿದರು ಅಷ್ಟೇ. ಬೈದಿದ್ದರೇ ವಾಸಿ ಇತ್ತು. ಯಾಕೆಂದರೆ ಚೀಟಿ ತಯಾರಿಸಿದ ದಿನ ನಮ್ಮ ಮುಂದಿದ್ದ ಕಂಪ್ಯೂಟರಿನ ಹತ್ತು ಹವಾಮಾನ ಲೆಕ್ಕಗಳಲ್ಲಿ ನಾಲ್ಕು, ಶನಿವಾರ ಮಳೆ ಎಂದೇ ಹೇಳುತ್ತಿದ್ದವು. ಚೀಟಿ ಚೊಕ್ಕವಾಗಿ ಕಾಣಲಿ ಎಂದು ನಾವು ಆರರ ಮಾತು ಬರೆದು ನಾಲ್ಕನ್ನು ಬಿಟ್ಟುಬಿಟ್ಟಿದ್ದೆವು.

ಲೆಕ್ಕಗಳು ಒಂದೇ ಮಾತು ಹೇಳುವುದಿಲ್ಲವೇಕೆ ಎಂದು ಕೇಳಬಹುದು. 1961ರಲ್ಲಿ ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆನ್ಜ್ ಕಂಪ್ಯೂಟರಿನಲ್ಲಿ ಒಂದು ಲೆಕ್ಕವನ್ನು ಮತ್ತೆ ಓಡಿಸಿದರು. ಈ ಸಲ 0.506127 ಎಂಬ ಆರಂಭದ ಅಂಕಿಯನ್ನು ಸುಮ್ನೆ 0.506 ಎಂದು ಕೊಟ್ಟರು. ಸ್ವಲ್ಪ ದೂರ ಎರಡೂ ಲೆಕ್ಕ ಜೊತೆಗೇ ಸಾಗಿದವು. ಆಮೇಲೆ ಒಂದಕ್ಕೊಂದು ಸಂಬಂಧವೇ ಇಲ್ಲದ ಹವೆ ತೋರಿಸಿದವು. ಆರಂಭದ ಕೂದಲೆಳೆಯಷ್ಟು ವ್ಯತ್ಯಾಸ ದಿನ ಕಳೆದಂತೆ ಬೆಳೆಯುತ್ತದೆ. ಅದಕ್ಕೇ ದೊಡ್ಡ ಹವಾಮಾನ ಕೇಂದ್ರಗಳು 1992ರಿಂದ ಆರಂಭದ ಅಂಕಿಗಳನ್ನು ತುಸು ತುಸು ಬದಲಿಸಿ ಒಂದೇ ಲೆಕ್ಕವನ್ನು ಹಲವು ಸಲ ಓಡಿಸುತ್ತಿವೆ. ಎಲ್ಲವೂ ಒಂದೇ ಕಡೆ ಬಂದು ನಿಂತರೆ ಧೈರ್ಯವಾಗಿ ಹೇಳಬಹುದು. ಚದುರಿದರೆ ಚದುರಿವೆ ಎಂದೇ ಹೇಳಬೇಕು, ಅಲ್ವಾ?

ಹೊಸ ಚೀಟಿಯಲ್ಲಿ ಅಂಥ ಶನಿವಾರ ಹೀಗೆ ಕಾಣುತ್ತದೆ: 'ಮಳೆ 0ರಿಂದ 30 ಮಿ.ಮೀ., ಸಾಧ್ಯತೆ 40%'. ಇದರ ಅರ್ಥ ದಿನದ 40% ಹೊತ್ತು ಮಳೆ ಎಂದಲ್ಲ. ಕರಾವಳಿಯ 40% ಜಾಗದಲ್ಲಿ ಮಳೆ ಎಂದೂ ಅಲ್ಲ. ಇಂಥದೇ ಹತ್ತು ದಿನ ಬಂದರೆ, ನೀವಿರುವ ಕಡೆ ಅದರಲ್ಲಿ ನಾಲ್ಕು ದಿನ ಮಳೆಯಾಗಬಹುದು ಎಂದರ್ಥ. ಬಣ್ಣ ಹೊಡೆಸುವವರಿಗೆ ಅದು ಜಾಸ್ತಿಯೇ. ಬಟ್ಟೆ ಒಣಗಿಸುವವರು ನೋಡೋಣ ಎನ್ನಬಹುದು. ಆ ತೀರ್ಮಾನ ನಿಮ್ಮದು. ಇಷ್ಟು ದಿನ ಅದನ್ನೂ ನಾವೇ ಮಾಡಿ ಕಳಿಸುತ್ತಿದ್ದೆವು, ಅದೇ ತಪ್ಪಾಗಿದ್ದು.

ಇನ್ನೊಂದು ಬದಲಾವಣೆ ಕಡಲಿಗೆ ಇಳಿಯುವವರಿಗಾಗಿ. ಗಾಳಿಯ ಅಂಕಿ ನೋಡಿದರೆ ಸಾಕು, ಕಡಲು ಹೇಗಿದೆ ಎಂದು ಗೊತ್ತಾಗುತ್ತದೆ ಎಂದುಕೊಂಡಿದ್ದೆವು. ದೋಣಿಯವರೇ ನಮ್ಮನ್ನು ತಿದ್ದಿದರು. ಎಲೆ ಅಲ್ಲಾಡದ ದಿನವೂ ಅಳಿವೆ ಬಾಯಲ್ಲಿ ದೋಣಿ ಎತ್ತಿ ಹಾಕುತ್ತದೆ. ಅದು ಎಲ್ಲೋ ದೂರದ ಬಿರುಗಾಳಿ ಎಬ್ಬಿಸಿದ ಅಲೆ. ಎರಡು ಅಲೆಗಳ ನಡುವಿನ ಹೊತ್ತು 16 ಸೆಕೆಂಡ್ ಇದ್ದರೆ, ಆಳದ ಕಡಲಿನಲ್ಲಿ ಅಂಥ ಅಲೆಗಳ ಗುಂಪು ದಿನಕ್ಕೆ ಸಾವಿರ ಕಿ.ಮೀ.ಗಿಂತ ಹೆಚ್ಚು ಸಾಗುತ್ತದೆ. ಬಿರುಗಾಳಿ ನಮ್ಮ ಕಡೆ ಬರಬೇಕೆಂದೇನೂ ಇಲ್ಲ. ಹಾಗಾಗಿ ಇನ್ನು ಅಲೆಯ ಎತ್ತರದ ಜೊತೆ ಈ ಸೆಕೆಂಡುಗಳನ್ನೂ, ಅಲೆ ಬರುವ ದಿಕ್ಕನ್ನೂ ಕೊಡುತ್ತೇವೆ. ಒಂದು ಎಚ್ಚರ: ಚೀಟಿಯಲ್ಲಿ 'ಅಲೆ 2 ಮೀಟರ್' ಎಂದಿದ್ದರೆ ಅದು ಆ ಹೊತ್ತಿನ ಅಲೆಗಳಲ್ಲಿ ಅತಿ ದೊಡ್ಡವಾದ ಮೂರನೇ ಒಂದು ಭಾಗದ ಅಲೆಗಳ ಸರಾಸರಿ ಎತ್ತರ. ನಡುವೆ ಒಂದೊಂದು ಅಲೆ ಅದರ ಹತ್ತಿರ ಹತ್ತಿರ ಎರಡರಷ್ಟು ಏಳಬಹುದು.

ಗಾಳಿಗೆ ದಿನಕ್ಕೊಂದೇ ಅಂಕಿ ಕೊಡುವುದನ್ನೂ ಬಿಡುತ್ತಿದ್ದೇವೆ. ಬಿಸಿಲೇರಿದಂತೆ ನೆಲ ನೀರಿಗಿಂತ ಬೇಗ ಕಾಯುತ್ತದೆ, ಗಾಳಿ ಕಡಲಿನಿಂದ ದಡಕ್ಕೆ ಬೀಸುತ್ತದೆ. ರಾತ್ರಿ ಅದು ತಿರುಗುತ್ತದೆ. ಎರಡನ್ನೂ ಸೇರಿಸಿ ಸರಾಸರಿ ಬರೆದರೆ ಯಾರಿಗೂ ಉಪಯೋಗವಿಲ್ಲ. ಮೊದಲ ಮೂರು ದಿನಕ್ಕೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಬೇರೆ ಬೇರೆ ಕೊಡುತ್ತೇವೆ.

ಭರತ ಇಳಿತದ ವೇಳೆ ಮಾತ್ರ ಏಳೂ ದಿನಕ್ಕೆ ಹಿಂದಿನಂತೆಯೇ ಇರುತ್ತದೆ. ಚಂದ್ರ, ಸೂರ್ಯರ ಲೆಕ್ಕ ಗಾಳಿ ಮಳೆಯ ಹಾಗೆ ಕೈಕೊಡುವುದಿಲ್ಲ.

ಗುರುವಾರ ಬೆಳಿಗ್ಗೆ ಇನ್ನೊಂದು ಚೀಟಿ ಬರುತ್ತದೆ. ವಾರದ ಕೊನೆಯ ದಿನಗಳು ಅಷ್ಟರಲ್ಲಿ ಹತ್ತಿರವಾಗಿರುತ್ತವೆ, 'ಇಷ್ಟರಿಂದ ಇಷ್ಟು' ಸಾಮಾನ್ಯವಾಗಿ ಕಿರಿದಾಗಿರುತ್ತದೆ. ಹಣ ಮುಖ್ಯವಾಗುವ ಯಾವ ಕೆಲಸಕ್ಕೂ ಸೋಮವಾರದ ಚೀಟಿಯನ್ನೇ ಹಿಡಿದು ಶನಿವಾರ ಗೊತ್ತುಮಾಡಬೇಡಿ, ಗುರುವಾರದ್ದನ್ನೂ ನೋಡಿ. ಚಂದಾದಲ್ಲಿ ಬದಲಾವಣೆ ಇಲ್ಲ.

ಸರ್ಕಾರದ ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟಾಗ ನಮ್ಮ ಚೀಟಿ ಏನೇ ಹೇಳಲಿ, ಅದನ್ನು ಪಕ್ಕಕ್ಕಿಟ್ಟು ಇಲಾಖೆಯ ಮಾತು ಕೇಳಿ. ದೋಣಿ ದಡದಲ್ಲೇ ಇರಲಿ.

ನಿಮ್ಮ,
ಹವಾಮಾನ ಚೀಟಿ ತಯಾರಿಸುವ ಬಳಗ