ದೂರದ ಬೆಟ್ಟ ಮಬ್ಬಾಗೇ ಇರ್ಲಿ ಬಿಡಿ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ಪುರವಣೀಲಿ ನೀವು ಹಾಕಿದ್ದ ಬೆಟ್ಟಗಳ ಫೋಟೋ ನೋಡಿ ಈ ಪತ್ರ ಬರೀತಿದೀನಿ. ಒಂದೊಂದು ಫೋಟೋನೂ ಒಳ್ಳೆ ಜಾಗ ಹುಡುಕಿ, ಬೆಳಕಿಗೆ ಕಾದು ತೆಗ್ದಿರೋದು ಅಂತ ನೋಡಿದ ಕೂಡ್ಲೆ ಗೊತ್ತಾಗತ್ತೆ, ಆ ಕಷ್ಟ ನಂಗೂ ಗೊತ್ತು. ಆದ್ರೆ ಎಲ್ಲದರಲ್ಲೂ ಕಾಲ ಬುಡದ ಬಂಡೆ ಎಷ್ಟು ಕಪ್ಪಗಿದ್ಯೋ ನಾಲ್ಕನೇ ಸಾಲಿನ ಬೆಟ್ಟಾನೂ ಅಷ್ಟೇ ಕಪ್ಪು, ಆಕಾಶ ಕಡುನೀಲಿ, ಬೆಟ್ಟದ ನೆತ್ತಿಗುಂಟ ಸೀಮೆಸುಣ್ಣದಲ್ಲಿ ಗೆರೆ ಎಳೆದ ಹಾಗೆ ಒಂದು ಬಿಳಿ ಅಂಚು. ಕಾಂಟ್ರಾಸ್ಟ್, ಅಂದ್ರೆ ಕಪ್ಪು ಬಿಳುಪಿನ ನಡುವಿನ ಅಂತರ, ಜಾಸ್ತಿ ಆಗಿದೆ ಅಂತ ಒಂದೇ ಮಾತಲ್ಲಿ ಹೇಳಿ ಮುಗಿಸಬಹುದು, ಆದ್ರೆ ಯಾಕೆ ಜಾಸ್ತಿ, ಎಲ್ಲಿ ಜಾಸ್ತಿ ಅನ್ನೋದನ್ನ ಹೇಳ್ಬೇಕು ಅನ್ಸ್ತು.

ದೂರದ ಬೆಟ್ಟ ನುಣ್ಣಗೆ ಅಂತೀವಲ್ಲ, ಅದು ಗಾದೆ ಮಾತ್ರ ಅಲ್ಲ, ಕಣ್ಣಿಗೆ ನಿಜವಾಗ್ಲೂ ಹಾಗೇ ಕಾಣತ್ತೆ. ನಮಗೂ ಬೆಟ್ಟಕ್ಕೂ ನಡುವೆ ಇರೋ ಗಾಳಿ ಬೆಳಕನ್ನ ಚದುರಿಸತ್ತೆ, ಅದ್ರಲ್ಲೂ ನೀಲಿಯನ್ನ ತುಂಬಾ ಜಾಸ್ತಿ. 450 ನ್ಯಾನೋಮೀಟರ್ ತರಂಗಾಂತರದ ನೀಲಿ 700ರ ಕೆಂಪಿಗಿಂತ ಹೆಚ್ಚುಕಮ್ಮಿ 6 ಪಟ್ಟು ಚದುರತ್ತೆ. ಹಾಗಾಗಿ ದೂರ ಹೋದಷ್ಟೂ ನೆರಳಿನ ಕಪ್ಪು ತಿಳಿಯಾಗ್ತಾ, ನೀಲಿಗೆ ತಿರುಗ್ತಾ ಹೋಗತ್ತೆ, ಕೊನೇ ಸಾಲು ಆಕಾಶದೊಳಗೇ ಕರಗಿಹೋಗತ್ತೆ. ಲಿಯೊನಾರ್ಡೊ ಡ ವಿಂಚಿ 500 ವರ್ಷದ ಹಿಂದೇನೇ ಇದನ್ನ ಗಮನಿಸಿ, ದೂರದ ಬೆಟ್ಟಕ್ಕೆ ನೀಲಿ ಜಾಸ್ತಿ ಬಳೀಬೇಕು ಅಂತ ಬರೆದಿಟ್ಟಿದ್ದ. ಚಪ್ಪಟೆ ಕಾಗದದ ಮೇಲೆ ಇದು ಹತ್ರ ಅದು ದೂರ ಅಂತ ನಮಗೆ ಗೊತ್ತಾಗೋದಕ್ಕೆ ಈ ಮಬ್ಬೇ ದೊಡ್ಡ ಆಧಾರ. ಅದನ್ನ ಒರೆಸಿಬಿಟ್ರೆ ಹತ್ತಾರು ಕಿಲೋಮೀಟರ್ ಆಳದ ನೋಟ ಒಂದರ ಮೇಲೊಂದು ಅಂಟಿಸಿದ ರಟ್ಟಿನ ತುಂಡಿನ ಥರ ಆಗತ್ತೆ.

ಹಾಗಂತ ಕಾಂಟ್ರಾಸ್ಟ್ ಮುಟ್ಟಲೇಬಾರದು ಅಂತ ನಾನು ಹೇಳ್ತಿಲ್ಲ. ರಾ ಫೈಲ್, ಅಂದ್ರೆ ಕ್ಯಾಮೆರಾ ತಿದ್ದದೆ ಉಳಿಸಿಕೊಡೋ ಫೈಲ್, ತೆರೆದ್ರೆ ಅದು ಬೂದಿ ಬಳಿದ ಹಾಗೆ ಇರತ್ತೆ, ನಾವು ಅಲ್ಲಿ ನಿಂತಾಗ ಕಂಡಿದ್ದು ಹಾಗಿರಲ್ಲ, ಯಾಕಂದ್ರೆ ಕಣ್ಣು ಹಿಮದ ಮೇಲಿಂದ ನೆರಳಿಗೆ ಹೊರಳಿದ ತಕ್ಷಣ ತನ್ನನ್ನ ತಾನೇ ಹೊಂದಿಸ್ಕೊಳತ್ತೆ, ಕ್ಯಾಮೆರಾಗೆ ಸಿಗೋದು ಒಂದೇ ಎಕ್ಸ್‌ಪೋಶರ್, ಅಂದ್ರೆ ಇಡೀ ಫೋಟೋಗೆ ಒಂದೇ ಅಳತೆಯ ಬೆಳಕು. ಸರಿ ಮಾಡ್ಲೇಬೇಕು. ಆದ್ರೆ ಎಡಿಟಿಂಗ್ ಸಾಫ್ಟ್‌ವೇರಲ್ಲಿ ಸ್ಲೈಡರ್ ಹಿಡ್ಕೊಂಡು ಇಡೀ ಫೋಟೋನ ಒಂದೇ ಸಲ ಎಳೆಯೋದ್ರಲ್ಲೇ ತಪ್ಪಾಗೋದು, ಹತ್ತಿರದ ಬಂಡೆಗೆ ಬೇಕಾದ ಕಾಂಟ್ರಾಸ್ಟ್ ದೂರದ ಸಾಲಿಗೆ ಬೇಡ.

ನಾನು ಮಾಡೋದು ಹೀಗೆ. ಅಚ್ಚ ಕಪ್ಪು ಅನ್ನೋದು ಮುಂದಿನ ಬಂಡೆ ಬಿರುಕಲ್ಲೋ ಮರದ ನೆರಳಲ್ಲೋ ಎಲ್ಲೋ ಚೂರು ಇದ್ರೆ ಸಾಕು, ಮಿಕ್ಕಿದ್ದೆಲ್ಲ ಅದಕ್ಕಿಂತ ತಿಳಿ. ಆಮೇಲೆ ಕರ್ವ್ (0 ಕಪ್ಪು, 255 ಬಿಳಿ ಅನ್ನೋ ಅಳತೇಲಿ ಯಾವ ಬೆಳಕು ಎಷ್ಟಾಗ್ಬೇಕು ಅಂತ ತಿದ್ದೋ ಗೆರೆ) ತಗೊಂಡು ಮೆಲ್ಲಗೆ ಒಂದು ಎಸ್ ಆಕಾರ, 64 ಇರೋದನ್ನ 58ಕ್ಕೆ ಇಳಿಸಿ 192ನ್ನ 198ಕ್ಕೆ ಏರಿಸಿದ್ರೂ ವ್ಯತ್ಯಾಸ ಕಾಣತ್ತೆ. ಇಲ್ಲೊಂದು ವಿಷಯ ತುಂಬಾ ಜನ ಗಮನಿಸಲ್ಲ, ಕೆಂಪು, ಹಸಿರು, ನೀಲಿ ಮೂರೂ ಬಣ್ಣದ ಮೇಲೆ ಒಟ್ಟಿಗೆ ಕರ್ವ್ ಹಾಕಿದ್ರೆ ಕಾಂಟ್ರಾಸ್ಟ್ ಜೊತೆ ಸ್ಯಾಚುರೇಶನ್ನೂ, ಅಂದ್ರೆ ಬಣ್ಣದ ಗಾಢತೆಯೂ, ಏರತ್ತೆ, ಹುಲ್ಲು ಪ್ಲಾಸ್ಟಿಕ್ ಹಸಿರಾಗೋದು, ಹಿಮದ ನೆರಳು ಕೃತಕ ನೀಲಿ ಆಗೋದು ಬಹಳ ಸಲ ಇದ್ರಿಂದ್ಲೇ. ಕರ್ವ್ ಲೇಯರನ್ನ ಲ್ಯುಮಿನಾಸಿಟಿ ಮೋಡ್‌ಗೆ ಬದಲಾಯಿಸಿದ್ರೆ ಬೆಳಕು ಮಾತ್ರ ಬದಲಾಗತ್ತೆ, ಬಣ್ಣ ಹೆಚ್ಚುಕಮ್ಮಿ ಇದ್ದಲ್ಲೇ ಇರತ್ತೆ. ಆಮೇಲೆ ಮಾಸ್ಕ್ (ತಿದ್ದಿದ್ದು ಎಲ್ಲೆಲ್ಲಿ ಎಷ್ಟು ಕಾಣ್ಬೇಕು ಅಂತ ಹೇಳೋ ಮುಸುಕು) ಹಾಕಿ ಮುಂಭಾಗಕ್ಕೆ ಪೂರ್ತಿ, ನಡುವಿನ ಸಾಲಿಗೆ ಅರ್ಧ, ಕೊನೇ ಸಾಲಿಗೆ ಹೆಸರಿಗೆ ಮಾತ್ರ. ಹಿಮ ಇದ್ರೆ ಮೊದ್ಲು ಎಕ್ಸ್‌ಪೋಶರ್ ನೋಡ್ಕೋಬೇಕು, ಕ್ಯಾಮೆರಾದ ಬೆಳಕಿನ ಮೀಟರ್ ಅದನ್ನ ಬೂದು ಮಾಡಕ್ಕೆ ನೋಡತ್ತೆ, ಒಂದೋ ಎರಡೋ ಸ್ಟಾಪ್ (ಒಂದು ಸ್ಟಾಪ್ ಅಂದ್ರೆ ಬೆಳಕು ಎರಡರಷ್ಟು) ಮೇಲಿಟ್ಟು ತೆಗೆದಿದ್ರೆ ಕಾಂಟ್ರಾಸ್ಟ್ ಎಳೆಯೋ ಅಗತ್ಯಾನೇ ಎಷ್ಟೋ ಸಲ ಬೀಳಲ್ಲ.

ಮಬ್ಬು ತೆಗೆಯೋ ಡಿಹೇಜ್ ಸ್ಲೈಡರ್ ಬಗ್ಗೆ ಹೇಳ್ಲೇಬೇಕು. 2015ರಲ್ಲಿ ಫೋಟೋ ಎಡಿಟಿಂಗ್ ಸಾಫ್ಟ್‌ವೇರ್ ಮಾಡೋ ಅಡೋಬಿಯವರು ಆ ಸ್ಲೈಡರ್ ತಂದಾಗಿಂದ ಮಬ್ಬು ಅಂದ್ರೆ ಒರೆಸಿ ಹಾಕ್ಬೇಕಾದ ಕೊಳೆ ಅನ್ನೋ ಹಾಗಾಗಿದೆ. 10ರ ಆಸುಪಾಸಲ್ಲಿ ಅದು ಒಳ್ಳೇದೇ ಮಾಡತ್ತೆ, ನಾನೂ ಬಳಸ್ತೀನಿ, ಆದ್ರೆ 40, 50 ದಾಟ್ತಿದ್ದ ಹಾಗೆ ನೆರಳು ಹೂತುಹೋಗತ್ತೆ, ಆಕಾಶದಲ್ಲಿ ಮಚ್ಚೆ ಏಳತ್ತೆ. ಬೆಟ್ಟದ ಅಂಚಿನ ಬಿಳಿ ಗೆರೆ ಬರೋದು ಕ್ಲಾರಿಟಿ ಥರದ ಸ್ಲೈಡರನ್ನ ಜಾಸ್ತಿ ಕೊಟ್ಟಾಗ, ಕಪ್ಪೂ ಬಿಳಿಯೂ ಸೇರೋ ಕಡೆ ಎರಡನ್ನೂ ಇನ್ನಷ್ಟು ದೂರ ತಳ್ಳೋದೇ ಅದ್ರ ಕೆಲಸ. ಮತ್ತೆ ಜೆಪೆಗ್ ಮೇಲೆ ಇದನ್ನೆಲ್ಲ ಮಾಡ್ಬೇಡಿ, ಅದ್ರಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು ಮಾತ್ರ, 14 ಬಿಟ್ ರಾ ಫೈಲಲ್ಲಿ 16,384. ಮೆಟ್ಟಿಲು ಕಮ್ಮಿ ಇದ್ದಾಗ ಎಳೆದ್ರೆ ಆಕಾಶ ಪಟ್ಟಿ ಪಟ್ಟಿಯಾಗಿ ಒಡೆಯತ್ತೆ.

ಇದನ್ನ ಹೇಳಿದಾಗ ನನ್ನ ಗೆಳೆಯರೊಬ್ಬರು ಅಮೆರಿಕದ ಫೋಟೋಗ್ರಾಫರ್ ಆನ್ಸೆಲ್ ಆಡಮ್ಸ್ ಹೆಸರು ತೆಗೆದ್ರು, 1927ರಲ್ಲಿ ಯೊಸೆಮಿಟಿಯ ಹಾಫ್ ಡೋಮ್ ಅನ್ನೋ ಬಂಡೆಬೆಟ್ಟದ ಫೋಟೋ ತೆಗೆಯೋವಾಗ ಕೆಂಪು ಫಿಲ್ಟರ್ ಹಾಕಿ ಆಕಾಶಾನ ಹತ್ರತ್ರ ಕಪ್ಪೇ ಮಾಡ್ಬಿಟ್ರಲ್ಲ ಅಂತ. ನಿಜ, ಆ ಫೋಟೋ ನಂಗೂ ಪ್ರಾಣ. ಆದ್ರೆ ಅದು ಕಪ್ಪುಬಿಳುಪು, ನೋಡೋರಿಗೆ ಮೊದ್ಲೇ ಗೊತ್ತು ಇದು ಕಣ್ಣಿಗೆ ಕಾಣೋ ಬಣ್ಣ ಅಲ್ಲ ಅಂತ, ಮತ್ತೆ ಅಲ್ಲಿ ಚಿತ್ರದ ತುಂಬಾ ಇರೋದು ಒಂದೇ ಬಂಡೆ, ಸಾಲು ಸಾಲು ಬೆಟ್ಟ ಅಲ್ಲ. ಆಡಮ್ಸ್ ಶಟರ್ ಒತ್ತೋ ಮುಂಚೇನೇ ಏನು ಬೇಕು ಅಂತ ತೀರ್ಮಾನ ಮಾಡಿದ್ರು, ಮನೇಗೆ ಬಂದು ಸ್ಲೈಡರ್ ಎಳೆದು ನೋಡಿದ್ದಲ್ಲ.

ಇನ್ನು ನಿಮ್ಮಲ್ಲಿ ಎರಡು ಕೇಳಿಕೆ. ನ್ಯೂಸ್‌ಪ್ರಿಂಟಲ್ಲಿ ಇಂಕು ಹರಡತ್ತೆ, ಕಾಗದಾನೂ ಪೂರ್ತಿ ಬಿಳಿ ಅಲ್ಲ, ಸ್ಕ್ರೀನಲ್ಲಿ ಕಂಡ ನೆರಳಿನ ವಿವರ ಅಚ್ಚಲ್ಲಿ ಮುಚ್ಚಿಹೋಗತ್ತೆ. ಹಾಗಾಗಿ ಓದುಗರು ಕಳಿಸಿದ ಫೋಟೋಗೆ ಡೆಸ್ಕಲ್ಲಿ ಇನ್ನೊಂದು ಸುತ್ತು ಕಾಂಟ್ರಾಸ್ಟ್ ಏರಿಸೋ ಬದ್ಲು ನೆರಳನ್ನ ಸ್ವಲ್ಪ ತಿಳಿ ಮಾಡಿಕೊಡಿ ಅಂತ ಹೇಳಿ. ಎರಡನೇದು, ಆಯ್ಕೆ ಮಾಡೋವಾಗ ಮೆತ್ತಗಿರೋ ಫೋಟೋನ ಡಲ್ ಅಂತ ಪಕ್ಕಕ್ಕಿಡಬೇಡಿ, ಅಚ್ಚಾಗೋದೆಲ್ಲ ಗಾಢವಾಗಿರೋದೇ ಆದ್ರೆ ಹೊಸದಾಗಿ ಕ್ಯಾಮೆರಾ ಹಿಡಿದೋರು ಬೆಟ್ಟ ಅಂದ್ರೆ ಹಾಗೇ ಇರ್ಬೇಕು ಅಂತ ಕಲೀತಾರೆ. ಮುಂದಿನ ಸಲ ಒಂದು ಫೋಟೋದ ಎರಡು ಪ್ರತಿ ಅಕ್ಕಪಕ್ಕ ಹಾಕಿ, ಒಂದು ಪೂರ್ತಿ ಎಳೆದದ್ದು, ಇನ್ನೊಂದು ಮುಂಭಾಗಕ್ಕಷ್ಟೇ ಕೈ ಹಾಕಿದ್ದು. ಓದುಗರೇ ನೋಡ್ಲಿ.

ಇಂತಿ,
ನಿಮ್ಮ ಓದುಗ